ಹಾಲೆಂಡಿನ ಹೊಲವೂ ನಮ್ಮವ್ವನ ಹೊಲವೂ

ಭೂಮಿ ತನ್ನ ಪಾಡಿಗೆ ತಾನು ತಿರುಗುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ. ಅದನ್ನು ಕಲಿಸುವವರ ಪಾಡು ಮಾತ್ರ ಹಾಗಲ್ಲ. ನಾನು ಭೂಗೋಳ ಕಲಿಸಲು ನಿಂತಾಗಿನಿಂದ ಒಂದಲ್ಲ ಒಂದು ಫಜೀತಿ ನನ್ನ ಸೆರಗು ಹಿಡಿದುಕೊಂಡೇ ಬಂದಿದೆ. ಮೊದಲು ತಿಕೋಟಾದ ಹೈಸ್ಕೂಲು, ಆಮೇಲೆ ಬಬಲೇಶ್ವರದ ಪಿಯು ಕಾಲೇಜು, ಈಗ ವಿಜಯಪುರದಲ್ಲಿ ಡಿಗ್ರಿ ಕಾಲೇಜು. ಊರು ಬದಲಾದವು, ಕುರ್ಚಿ ಬದಲಾದವು, ಫಜೀತಿ ಬದಲಾಗಲಿಲ್ಲ.

ಅಷ್ಟಕ್ಕೂ ಮೂಲ ಒಂದೇ ಪಾಠ. ಎರಡು ದೇಶಗಳಲ್ಲಿ ಸಾಗುವಳಿ ಭೂಮಿ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ, ಹೋಲಿಸಿ ನೋಡಿ ಅನ್ನುವ ಪಾಠ. ಯಾವ ಎರಡು ದೇಶ ಅನ್ನುವುದು ಕಲಿಸುವವರಿಗೆ ಬಿಟ್ಟದ್ದು. ನಾನು ಯಾವಾಗಲೂ ಭಾರತ ಮತ್ತು ಹಾಲೆಂಡ್ ಎಂದೇ ಹಿಡಿಯುತ್ತೇನೆ. "ಚೀನಾ ತಗೋರಿ, ಅಮೆರಿಕಾ ತಗೋರಿ, ಆ ಅಂಗೈಯಷ್ಟು ದೇಶದಾಗ ಏನೈತ್ರಿ?" ಎಂದು ಜೊತೆಯವರು ಕಾಡಿಸುತ್ತಾರೆ. ನಾನು ಏನೋ ಒಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ.

ನಿಜವಾದ ಕಾರಣ ಬೇರೆ. ಹಾಲೆಂಡಿನವರು ಒಡ್ಡು ಕಟ್ಟಿ, ಸಮುದ್ರದ ನೀರು ಎತ್ತಿ ಹಾಕಿ, ಇಲ್ಲದ ಹೊಲವನ್ನು ಇದ್ದದ್ದಾಗಿ ಮಾಡಿಕೊಂಡರು. ನಮ್ಮ ಮನೆತನದಲ್ಲಿ ನೆನಪು ಹೋದಷ್ಟು ಹಿಂದೆ ಹೋದರೂ ಯಾರಿಗೂ ಒಂದು ಗುಂಟೆ ಹೊಲವಿಲ್ಲ. ಇಲ್ಲದವರಿಗೂ ಹೊಲ ಆಗಬಹುದು ಅನ್ನುವ ಮಾತನ್ನು ವರ್ಷಕ್ಕೊಮ್ಮೆಯಾದರೂ ಬಾಯಿಬಿಟ್ಟು ಹೇಳಬೇಕೆಂದು ನನಗೆ ಆಸೆ. ಅದಕ್ಕೇ ಹಾಲೆಂಡ್.

ತಿಕೋಟಾದಲ್ಲಿ ಅಚ್ಚಾದ ಸುದ್ದಿ

ತಿಕೋಟಾದಲ್ಲಿ ಆಗಿನ್ನೂ ಹೊಸದಾಗಿ ಸೇರಿದ್ದೆ. ಕಲಿಸುವ ಹುರುಪು ಮೈತುಂಬ. "ಹಾಲೆಂಡಿನಲ್ಲಿ ನಿಂತ ನೀರನ್ನು ಹೊರಗೆ ಹಾಕಿದರು, ಬಂಗಾರದಂಥ ಬೆಳೆ ಬಂತು" ಎಂದು ಕೈ ಬೀಸಿ ಬೀಸಿ ಹೇಳಿದ್ದೆ. ಮಕ್ಕಳು ಕಿವಿಗೆ ಬಿದ್ದಂತೆ ಬರೆದುಕೊಂಡರು. ಕಿವಿಗೆ ಬಿದ್ದದ್ದು "ಹಾಳ ಲ್ಯಾಂಡ್" ಎಂದು. ಹಾಳು ಅನ್ನುವುದು ನಮ್ಮ ಮಾತು, ಲ್ಯಾಂಡ್ ಅನ್ನುವುದು ಎಲ್ಲರಿಗೂ ಗೊತ್ತು. ಎರಡೂ ಕೂಡಿದರೆ ಬೆಳೆಯಿಲ್ಲದೆ ಹಾಳುಬಿದ್ದ ಹೊಲ. ಅನುಮಾನಪಡುವುದಕ್ಕೆ ಏನಿದೆ?

ಆ ಕ್ಲಾಸಿನ ಒಬ್ಬ ಹುಡುಗಿಯ ತಂದೆಗೆ ಹಳ್ಳದ ದಂಡೆಯಲ್ಲಿ ನಿಜವಾಗಿಯೂ ಅಂಥ ಒಂದು ತುಂಡು ಹೊಲವಿತ್ತು. ನೀರು ನಿಂತು ಹಾಳಾಗಿತ್ತು. ಅದು ಯಾರಿಗೆ ಸೇರಬೇಕು ಅನ್ನುವ ವಿಷಯಕ್ಕೆ ಅವರಿಗೂ ಅವರ ಅಣ್ಣನಿಗೂ ಮಾತುಕತೆ ನಿಂತುಹೋಗಿತ್ತು. ಇದು ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಮರುದಿನ ಅವರು ಸೀದಾ ಸ್ಟಾಫ್ ರೂಮಿಗೆ ಬಂದು ನಿಂತರು.

"ಅಕ್ಕಾರ, ನಾನು ನಿಮಗೇನ ಅನ್ಯಾಯ ಮಾಡೇನ್ರಿ?"

"ಯಾಕ್ರಿ, ಏನಾತು?"

"ನಮ್ಮ ಹಾಳ ಲ್ಯಾಂಡಿನ ಸುದ್ದಿ ಸಾಲ್ಯಾಗ ತಗದೀರಂತ. ನೀರ ಹೊರಗ ಹಾಕಿದ್ರ ಬಂಗಾರದಂಥಾ ಪೀಕ ಬರ್ತೈತಿ ಅಂದೀರಂತ. ನಮ್ಮ ಹುಡುಗಿ ಮನಿಗಿ ಬಂದು ಹೇಳ್ಯಾಳ. ಹೌದೋ ಅಲ್ಲೋ?"

ನನಗೆ ಸಂತೋಷವಾಯಿತು. ಹುಡುಗಿ ಪಾಠ ಇಷ್ಟು ಚೆನ್ನಾಗಿ ನೆನಪಿಟ್ಟಿದ್ದಾಳಲ್ಲ!

"ಹೌದ್ರಿ, ಹೇಳೀನಿ. ಅದು ಪುಸ್ತಕದಾಗ ಐತಿ."

"ಪುಸ್ತಕದಾಗ?" ಅವರು ಅಲ್ಲೇ ಇದ್ದ ಕುರ್ಚಿ ಹಿಡಿದು ಕೂತುಬಿಟ್ಟರು. ಮುಖ ಬಿಳಿಚಿಕೊಂಡಿತು. "ಏನ್ ಮನಷ್ಯಾರೀ ನಮ್ಮಣ್ಣ! ಅಚ್ಚ ಹಾಕಿಸೇ ಬಿಟ್ಟಾನ!"

ನಮ್ಮದು ಅಂದರೆ ಯಾರದು?

ಇಲ್ಲಿ ನಮ್ಮವ್ವನ ವಿಷಯ ಹೇಳಬೇಕು. ಅವಳು ಹುಟ್ಟಿದ್ದು ನಿಡೋಣಿಯಲ್ಲಿ, ಊರಿನ ಗೌಡರ ಹೊಲದಲ್ಲಿ ಕೂಲಿ ಮಾಡುವವರ ಮನೆಯಲ್ಲಿ. ನಡೆಯಲು ಕಲಿತ ಮೇಲೆ ಕಳೆ ತೆಗೆಯಲು ಕಲಿತವಳು. ಮದುವೆಯಾಗಿ ವಿಜಯಪುರಕ್ಕೆ ಬಂದಳು. ನಮ್ಮಪ್ಪ ಬಸ್ಸಿನ ಕಂಡಕ್ಟರ್, ಬಾಡಿಗೆ ಮನೆ, ಮನೆ ಮುಂದೆ ಫರಸಿ ಕಲ್ಲು. ತುಳಸಿ ಹಚ್ಚಲು ಕೂಡ ಡಬ್ಬಿಯಲ್ಲಿ ಮಣ್ಣು ತರಬೇಕಾಗಿತ್ತು. ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ. ಈಗ ಎಂಬತ್ತರ ಆಸುಪಾಸು, ಮೊಣಕಾಲು ನೋವು, ನಾಲಿಗೆ ಮಾತ್ರ ಬಲು ಚುರುಕು.

ಅವಳಿಗೆ ಇದ್ದದ್ದು ಒಂದೇ ಆಸೆ. ಎಳ್ಳ ಅಮಾವಾಸ್ಯೆಗೆ ತನ್ನದೇ ಹೊಲದಲ್ಲಿ ಚರಗ ಚೆಲ್ಲಬೇಕು. ಅವತ್ತು ನಮ್ಮ ಕಡೆ ಹೊಲ ಇದ್ದವರೆಲ್ಲ ರೊಟ್ಟಿ, ಕಡುಬು, ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಪೂಜೆ ಮಾಡಿ, ಅಡುಗೆಯನ್ನು ಬೆಳೆಯೊಳಗೆ ಚೆಲ್ಲುತ್ತ ಸುತ್ತು ಬರುತ್ತಾರೆ. ಅದೇ ಚರಗ. ಚೆಲ್ಲುವವರು "ಹುಲ್ಲುಲ್ಲಿಗೋ" ಎಂದು ಕೂಗಿದರೆ ಹಿಂದೆ ಬರುವವರು "ಚಲ್ಲಂಬ್ರಿಗೋ" ಅನ್ನಬೇಕು. ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣುತ್ತಾರೆ. ಹೊಲ ಇಲ್ಲದವರನ್ನು ಇದ್ದವರು ಕರೆಯುತ್ತಾರೆ. ನಿಡೋಣಿಯ ಗೌಡರು ನಮ್ಮನ್ನು ಒಂದು ವರ್ಷವೂ ಮರೆತವರಲ್ಲ. ಅವ್ವ ಹೋಗುತ್ತಾಳೆ, ನಗುತ್ತಾಳೆ, ಉಣ್ಣುತ್ತಾಳೆ. ಚರಗ ಚೆಲ್ಲು ಬಾ ಅಂದರೆ ಮಾತ್ರ ಕೈ ಹಿಂದೆ ಕಟ್ಟಿಕೊಳ್ಳುತ್ತಾಳೆ. "ಅದು ಹೊಲದವರ ಕೆಲಸ" ಅನ್ನುತ್ತಾಳೆ. ವಾಪಸ್ಸು ಬರುವಾಗ ಬಸ್ಸಿನ ಕಿಟಕಿಗೆ ಮುಖ ಹಚ್ಚಿ ಕೂತವಳು ವಿಜಯಪುರ ಬರುವವರೆಗೂ ಮಾತಾಡುವುದಿಲ್ಲ. ಚಿಕ್ಕಂದಿನಲ್ಲಿ ನನಗೆ ಅದು ಬಸ್ಸಿನ ವಾಂತಿ ಅನಿಸುತ್ತಿತ್ತು.

ಒಮ್ಮೆ ನಾನು ಪಾಠಕ್ಕೆಂದು ಮನೆಯಲ್ಲಿ ಚಾರ್ಟು ಬರೆಯುತ್ತಿದ್ದೆ. ಭಾರತಕ್ಕೆ ಹಸಿರು ಗೆರೆ, ಹಾಲೆಂಡಿಗೆ ನೀಲಿ ಗೆರೆ. ಅವ್ವ ಬಂದು ಕೂತಳು.

"ಇದರಾಗ ಯಾವದು ನಮ್ಮದು?"

"ಹಸರು ನಮ್ಮದು ಯವ್ವಾ. ನೋಡು, ಎಷ್ಟ ಮ್ಯಾಲ ಐತಿ. ಅವರದು ತೀರಾ ಕೆಳಗೈತಿ. ಜಗತ್ತಿನಾಗ ನಮ್ಮಷ್ಟು ಸಾಗುವಳಿ ಭೂಮಿ ಇದ್ದವರು ಭಾಳ ಕಡಿಮಿ."

"ಹೌದಾ?" ಅವ್ವ ಆ ಗೆರೆಯ ಮೇಲೆ ಬೆರಳಾಡಿಸಿದಳು. "ಅದರಾಗ ನಿಂದೆಷ್ಟು?"

"ನಂದೇನೂ ಇಲ್ಲ."

"ನಂದು?"

"ನಿಂದೂ ಇಲ್ಲ."

"ಹಂಗಾರ ನಮ್ಮದು, ನಮ್ಮದು ಅಂತ ಸಾಲ್ಯಾಗ ಹುಡುಗರಿಗಿ ಯಾಕ ಸುಳ್ಳ ಹೇಳ್ತಿ ಬೇ?"

ಮರುದಿನ ಪಾಠ ಮಾಡುವಾಗ ನಾನು "ಭಾರತದ್ದು" ಎಂದೇ ಹೇಳಿದೆ. ಅವತ್ತಿನಿಂದ ಇವತ್ತಿನವರೆಗೂ ಹಾಗೆಯೇ ಹೇಳುತ್ತೇನೆ. ಇನ್‌ಸ್ಪೆಕ್ಷನ್ನಿಗೆ ಬಂದವರೊಬ್ಬರು "ಮೇಡಂ ಭಾಳ ತಟಸ್ಥವಾಗಿ ಕಲಿಸ್ತಾರ" ಎಂದು ಹೊಗಳಿ ಹೋದರು.

ಉದುರುವ ಭೂಮಿ

ಬಬಲೇಶ್ವರದಲ್ಲಿ ಪಿಯು ಮಕ್ಕಳಿಗೆ ಇದೇ ಪಾಠದಲ್ಲಿ ಒಂದು ಮಾತು ಹೆಚ್ಚಿಗೆ ಬರುತ್ತದೆ: ತಲಾ ಸಾಗುವಳಿ ಭೂಮಿ. ಅಂದರೆ ಇರುವ ಹೊಲವನ್ನು ಇರುವ ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು ಬರುತ್ತದೆ ಅನ್ನುವುದು. ಜನ ಬೆಳೆದಷ್ಟು ಹೊಲ ಬೆಳೆಯಲಿಲ್ಲ, ಹಾಗಾಗಿ ಎರಡೂ ದೇಶದಲ್ಲಿ ಅದು ಕಡಿಮೆಯಾಗುತ್ತ ಬಂದಿದೆ. ಇದನ್ನು ನಾನು ಬಿಡಿಸಿ ಬಿಡಿಸಿ ಹೇಳಿದ್ದೆ. ಆದರೆ "ತಲಾ" ಅನ್ನುವ ಶಬ್ದ ಒಬ್ಬ ಹುಡುಗಿಯ ತಲೆಯಲ್ಲಿ ಬೇರೆಯೇ ರೀತಿ ಇಳಿದಿತ್ತು.

ಪರೀಕ್ಷೆಯಲ್ಲಿ ಅವಳು ಹೀಗೆ ಬರೆದಳು: "ಎರಡೂ ದೇಶಗಳ ಜನರ ತಲೆಯ ಮೇಲಿದ್ದ ಸಾಗುವಳಿ ಭೂಮಿಯು ವರ್ಷದಿಂದ ವರ್ಷಕ್ಕೆ ಉದುರುತ್ತಿದೆ. ಮೊದಲು ದಟ್ಟವಾಗಿತ್ತು. ಸರ್ಕಾರವು ತಕ್ಷಣ ಕ್ರಮ ಕೈಗೊಳ್ಳದಿದ್ದರೆ ಮುಂದೆ ಪೂರ್ತಿ ಬೋಳಾಗುವ ಸಂಭವವಿದೆ."

ಓದಿ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದೇ ಹೊತ್ತಿಗೆ ಪ್ರಿನ್ಸಿಪಾಲರು ಒಳಗೆ ಬಂದರು. ಅವರ ನೆತ್ತಿ ಟ್ಯೂಬ್‌ಲೈಟಿನ ಬೆಳಕು ಹಿಡಿಯುವಂಥದ್ದು. ನಾನು ಗಪ್ಪನೆ ಬಾಯಿ ಮುಚ್ಚಿದೆ.

"ಏನ್ರಿ ಅಕ್ಕಾರ, ಒಬ್ಬರ ನಗಾಕತ್ತೀರಿ? ನಮಗೂ ಹೇಳ್ರಿ."

ಹೇಳದೆ ಗತಿಯಿರಲಿಲ್ಲ. ಉತ್ತರ ಪತ್ರಿಕೆ ಅವರ ಕೈಗೇ ಕೊಟ್ಟೆ. ಅವರು ಗಂಭೀರವಾಗಿ ಓದಿದರು. ಇನ್ನೊಮ್ಮೆ ಓದಿದರು. ಮೆಲ್ಲಗೆ ಕೈ ಎತ್ತಿ ನೆತ್ತಿ ಸವರಿಕೊಂಡರು.

"ಪೂರಾ ಮಾರ್ಕ್ಸ್ ಕೊಡ್ರಿ" ಅಂದರು. "ಸರ್ಕಾರ ಕ್ರಮ ಕೈಗೊಳ್ಳಲಿಲ್ಲ ಅನ್ನೂದು ಖರೇನ ಐತಿ."

ಸಮುದ್ರದ ಕಡೆಯವರು

ಒಂದು ವರ್ಷ ಕಾಲೇಜಿನ ಶಿಬಿರ ನಿಡೋಣಿಯಲ್ಲಿ ನಡೆಯಿತು. ಅವ್ವ ಹುಟ್ಟಿದ ಊರು ಎಂದು ನಾನೇ ಮುಂದಾಗಿ ಹೋಗಿದ್ದೆ. ಸಂಜೆ ಗುಡಿಯ ಕಟ್ಟೆಯ ಮೇಲೆ ರೈತರಿಗೆ ಒಂದು ಉಪನ್ಯಾಸ ಎಂದು ಗಂಟು ಹಾಕಿದರು. ಗೊತ್ತಿದ್ದದ್ದು ಒಂದೇ ಪಾಠ, ಅದನ್ನೇ ಶುರುಮಾಡಿದೆ. ತಿಕೋಟಾದಲ್ಲಿ ಕಲಿತ ಬುದ್ಧಿ ಇತ್ತಲ್ಲ, ಹಾಲೆಂಡ್ ಅನ್ನುವ ಹೆಸರನ್ನು ನಾಲ್ಕು ಸಲ ಬಿಡಿಸಿ ಹೇಳಿದೆ.

"ಅವರ ನೆಲ ಸಮುದ್ರಕ್ಕಿಂತ ತಗ್ಗಿನಾಗ ಐತ್ರಿ. ಅವರು ಒಡ್ಡು ಕಟ್ಟಕೋತ, ಕಟ್ಟಕೋತ ಸಮುದ್ರ ಹಿಂದಕ ಸರಿಸಿದ್ರು. ಹಿಂದ ಸಮುದ್ರ ಇದ್ದಲ್ಲಿ ಇವತ್ತು ಪೀಕ ಐತಿ."

ಮುಂದೆ ಕೂತಿದ್ದ ಒಬ್ಬ ರೈತರು ಕೈ ಎತ್ತಿದರು. ಅವರು ಹೊಲದ ಬದುವಿನ ಜಗಳಕ್ಕೆ ವಿಜಯಪುರದ ಕೋರ್ಟಿಗೆ ತಿರುಗಿ ತಿರುಗಿ ಚಪ್ಪಲಿ ಸವೆಸಿದವರೆಂದು ನನಗೆ ಆಗಲೇ ಯಾರೋ ಹೇಳಿದ್ದರು.

"ಒಂದ ಮಾತ ಕೇಳ್ತೀನ್ರಿ ಅಕ್ಕಾರ. ನಾನು ಬದು ಒಂದ ಗೇಣು ಸರಿಸೀನಿ ಅಂತ ಇವತ್ತಿಗೂ ಕೋರ್ಟಿಗಿ ಅಡ್ಡಾಡಾಕತ್ತೇನಿ. ಅವರು ಸಮುದ್ರಾನ ಸರಿಸ್ಯಾರ ಅಂತೀರಿ. ಯಾರೂ ಕೇಸ್ ಹಾಕಲಿಲ್ಲೇನ್ರಿ?"

"ಸಮುದ್ರದ ಮ್ಯಾಲ ಯಾರ ಹಕ್ಕು ಐತ್ರಿ? ಯಾರು ಹಾಕಬೇಕು ಕೇಸು?" ಅಂದೆ ನಾನು.

ಸುತ್ತ ಕೂತವರೆಲ್ಲ ಅವರ ಬಾಯನ್ನೇ ನೋಡುತ್ತಿದ್ದರು.

"ತಿಳೀತ್ರಿ" ಅಂದರು ಕಡೆಗೆ, ನಿಟ್ಟುಸಿರು ಬಿಟ್ಟು. "ಸಮುದ್ರಕ್ಕ ಅಣ್ಣತಮ್ಮರಿಲ್ಲ. ಪುಣ್ಯಾ ಮಾಡೇತಿ."

ಹೆಸರಿನಲ್ಲಿರುವ ಹೊಲ

ವಿಜಯಪುರಕ್ಕೆ ಬಂದ ಮೇಲೆ ಹೋಲಿಸುವುದಕ್ಕೆ ಹಾಲೆಂಡಿನವರೆಗೆ ಹೋಗುವ ಅಗತ್ಯವೇ ಉಳಿಯಲಿಲ್ಲ. ಊರಂಚಿನ ಭೂತನಾಳದ ಕಡೆಗೆ ಒಂದು ಸುತ್ತು ಹಾಕಿದರೆ ಸಾಕು. ನಾನು ಓದುವಾಗ ಆ ಕಡೆ ಬರೀ ಜೋಳ, ಕಡಲೆ, ಕುಸುಬೆ. ಹಿಂಗಾರಿಯಲ್ಲಿ ನಿಂತು ನೋಡಿದರೆ ಕಣ್ಣು ದಣಿಯುತ್ತಿತ್ತು. ಈಗ ಹೊಲವೆಲ್ಲ ಪ್ಲಾಟು. ಹಾಲೆಂಡಿನಲ್ಲಿ ಸಮುದ್ರ ಹೋಗಿ ಹೊಲವಾಯಿತು, ನಮ್ಮಲ್ಲಿ ಹೊಲ ಹೋಗಿ ಮೂವತ್ತು ನಲವತ್ತಾಯಿತು.

ಇದನ್ನು ಕಣ್ಣಾರೆ ತೋರಿಸೋಣವೆಂದು ಬಿ.ಎ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊರಟೆ. ಒಂದು ಕಡೆ ದೊಡ್ಡ ಕಮಾನು ನಿಲ್ಲಿಸಿದ್ದರು. ಅದರ ಮೇಲೆ "ಹಸಿರು ಹೊಲ ಬಡಾವಣೆ" ಎಂದು ಬರೆದಿತ್ತು. ಒಳಗೆ ಕಣ್ಣು ಹಾಯಿಸಿದಷ್ಟೂ ಬಿಳಿ ಬಳಿದ ಗಡಿಕಲ್ಲುಗಳು. ಒಂದು ಜಾಲಿ ಗಿಡ ಮಾತ್ರ ಅದು ಹೇಗೋ ತಪ್ಪಿಸಿಕೊಂಡು ನಿಂತಿತ್ತು. ಇಷ್ಟು ಜನರನ್ನು ಕಂಡು ಪ್ಲಾಟು ಮಾರುವವನು ಓಡುತ್ತ ಬಂದ. ನನಗೆ ಕುರ್ಚಿ ತರಿಸಿದ, ಚಾ ತರಿಸಿದ.

"ಬರ್ರಿ ಮೇಡಂ, ಇಡೀ ಫ್ಯಾಮಿಲಿ ಕರಕೊಂಡ ಬಂದೀರಿ, ಛಲೋ ಆತು."

ನಲವತ್ತು ಮಕ್ಕಳ ಫ್ಯಾಮಿಲಿ! ನಾನು ಅದನ್ನು ತಿದ್ದಲು ಹೋಗಲಿಲ್ಲ, ಚಾ ಆರುತ್ತಿತ್ತು.

"ಅಲ್ಲಪ್ಪಾ, ಹಸಿರು ಹೊಲ ಅಂತ ಬರದೀರಿ. ಹೊಲ ಎಲ್ಲೈತಿ? ಹುಡುಗರು ನೋಡಬೇಕಂತ ಬಂದಾರ."

ಅವನು ಒಂದಿಷ್ಟೂ ನಾಚಿಕೊಳ್ಳಲಿಲ್ಲ. ಕಮಾನಿನ ಕಡೆ ಕೈ ಮಾಡಿ ತೋರಿಸಿದ.

"ಅಲ್ಲಿ ಮ್ಯಾಲ ಐತಲ್ರಿ. ಇಷ್ಟ ದೊಡ್ಡ ಅಕ್ಷರದಾಗ ಬರಸೇವಿ, ಮತ್ತ ಎಲ್ಲಿ ಅಂತೀರಿ?"

ಅಡುಗೆಮನೆಯ ಜೋಳ

ಹೀಗೆಲ್ಲ ನಕ್ಕು ಬಂದ ನಾನೇ ಕಡೆಗೊಂದು ಪ್ಲಾಟು ಕೊಂಡೆ. ನನ್ನ ಗಂಡನಿಗೂ ನನಗೂ ಬಾಡಿಗೆ ಮನೆ ಸಾಕಾಗಿತ್ತು. ತಿಕೋಟಾ ರಸ್ತೆಗೆ ಹತ್ತಿ, ಊರ ಹೊರಗೆ, ಮೂವತ್ತು ನಲವತ್ತು. ಮೊದಲ ಸಲ ನೋಡಲು ಎಂಜಿನಿಯರನ್ನೂ ಅವ್ವನನ್ನೂ ಕೂಡಿಯೇ ಕರೆದುಕೊಂಡು ಹೋದೆವು. ಎಂಜಿನಿಯರ್ ಕೋಲಿನಿಂದ ನೆಲ ಕುಕ್ಕಿ ನೋಡಿ ಮುಖ ಸಿಂಡರಿಸಿದ. "ಪೂರಾ ಎರಿ ಮಣ್ಣು ಸರ್. ಮನಿಗಿ ಒಳ್ಳೇದಲ್ಲ. ಪಾಯ ಭಾಳ ಆಳ ತಗೀಬೇಕಾಗ್ತದ" ಅಂದ.

ಅವ್ವ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಕರ್ರಗೆ, ಜಿಗುಟಾಗಿ, ಡೋಣಿ ನದಿ ದಂಡೆಯ ಹೊಲಗಳ ಮಣ್ಣಿನಂತೆಯೇ ಇತ್ತು. ಮುಷ್ಟಿಯಲ್ಲಿ ಒತ್ತಿ, ಬಿಚ್ಚಿ, ಮತ್ತೆ ಒತ್ತಿ ನೋಡಿದಳು.

"ಇದು ನಮ್ಮದಾ?" ಎಂದು ಕೇಳಿದಳು.

"ನಮ್ಮದು ಯವ್ವಾ."

"ಖರೇ ನಮ್ಮದಾ? ಇಲ್ಲಾ ನಿನ್ನ ಸಾಲ್ಯಾಗಿನ ನಮ್ಮದಾ?"

"ಖರೇನ ನಮ್ಮದು."

ಅವಳು ಆ ಮಣ್ಣನ್ನು ಕೆಳಗೆ ಹಾಕಲೇ ಇಲ್ಲ. ಮನೆಗೆ ಬಂದು ಕೈ ತೊಳೆಯುವಾಗ ನೋಡಿದರೆ ಇನ್ನೂ ಮುಷ್ಟಿಯಲ್ಲೇ ಇತ್ತು. "ಮನಿ ಎಲ್ಲಿಗಿ ಓಡಿ ಹೋಕ್ಕೈತಿ? ಒಂದ ಪೀಕ ತಕ್ಕೊಳ್ಳೂಣು, ಆಮ್ಯಾಲ ಕಟ್ರಿ" ಅಂದಳು. ಅಂಥ ದೊಡ್ಡ ಕಣ್ಣು ಮಾಡಿಕೊಂಡು ಅವಳು ನನ್ನನ್ನು ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ. ನನ್ನ ಗಂಡ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ, ಇಬ್ಬರೂ ಹೂಂ ಅಂದೆವು.

ಮೊದಲು ಟ್ರ್ಯಾಕ್ಟರ್ ಹೇಳಿದೆವು. ಡ್ರೈವರ್ ಬಂದು ನೋಡಿ ಇಳಿಯಲೇ ಇಲ್ಲ. "ಆಯಿ, ನಾನು ಗಾಡಿ ಒಳಗ ಹಾಕಿದ್ರ ನಿನ್ನ ಹೊಲ ಹೊರಗ ಬರ್ತೈತಿ" ಎಂದು ಹೇಳಿ ತಿರುಗಿಸಿಕೊಂಡು ಹೋದ. ಕಡೆಗೆ ಸಲಿಕೆಯಿಂದ ನಾವೇ ಸಾಲು ಬಿಟ್ಟೆವು. ಅವ್ವ ಮೊಣಕಾಲು ನೋವು ಮರೆತು ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಸಾಲಿಗೆ ಜೋಳದ ಬೀಜ ಬಿಡುತ್ತ ಹೋದಳು. ನಾನು ಬುಟ್ಟಿ ಹಿಡಿದುಕೊಂಡು ಹಿಂದೆ. ಸಾಗುವಳಿ ಅನ್ನುವ ಶಬ್ದವನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೆನೋ. ಅದಕ್ಕೊಂದು ವಾಸನೆ ಇದೆ ಎಂದು ಅವತ್ತೇ ತಿಳಿದದ್ದು.

ಈ ಸುದ್ದಿಯನ್ನು ಗೌಂಡಿಗೆ ಹೇಳಲು ಮರೆತಿದ್ದೆವು. ಅವನ ಹತ್ತಿರ ಮನೆಯ ನಕ್ಷೆ ಇತ್ತು. ಮುಂಗಡವಾಗಿ ಮಾತಾಡಿಟ್ಟ ದಿನಕ್ಕೆ ಸರಿಯಾಗಿ ಸುಣ್ಣದ ಪುಡಿ ತೆಗೆದುಕೊಂಡು ಪಾಯದ ಗೆರೆ ಹಾಕಲು ಪ್ಲಾಟಿಗೆ ಹೋದವನು ಅಲ್ಲಿಂದಲೇ ಗಾಬರಿಯಿಂದ ಫೋನು ಮಾಡಿದ.

"ಅಕ್ಕಾರ, ಲಗೂನ ಬರ್ರಿ! ನಿಮ್ಮ ಪ್ಲಾಟಿನಾಗ ಯಾರೋ ಅತಿಕ್ರಮಣ ಮಾಡ್ಯಾರ!"

"ಏನ್ ಮಾಡ್ಯಾರಪ್ಪಾ? ಗ್ವಾಡಿ ಕಟ್ಯಾರ?"

"ಜ್ವಾಳಾ ಬಿತ್ಯಾರ್ರಿ!"

ಅವನಿಗೆ ಎಲ್ಲ ಬಿಡಿಸಿ ಹೇಳಿದೆ. ಒಳ್ಳೆಯ ಮನುಷ್ಯ, ನಕ್ಕು ಸುಮ್ಮನಾದ. ಹತ್ತಿರದಲ್ಲೇ ಅವನಿಗೆ ಇನ್ನೊಂದು ಮನೆಯ ಕೆಲಸವಿತ್ತು, ಹಾಗಾಗಿ ದಾರಿಯಲ್ಲಿ ಹೋಗುವಾಗ ಒಮ್ಮೆ ನಮ್ಮ ಬೆಳೆಯನ್ನೂ ನೋಡಿ ಫೋನು ಮಾಡಿ ಹೇಳುವ ರೂಢಿ ಬೆಳೆಸಿಕೊಂಡ. ಆದರೆ ಪಾಪ, ಅವನ ಕಣ್ಣಿಗೆ ಆ ನಕ್ಷೆ ಬಿಟ್ಟು ಬೇರೆ ಕಾಣುತ್ತಿರಲಿಲ್ಲ.

"ಅಕ್ಕಾರ, ನಮಸ್ಕಾರ್ರಿ. ಅಡಗಿಮನ್ಯಾಗ ಪೀಕ ಭರಪೂರ ಬಂದೈತಿ. ಹಾಲಿನಾಗ ಸಾಧಾರಣ. ಬೆಡ್ ರೂಮಿನಾಗ ಯಾಕೋ ಸ್ವಲ್ಪ ಹಳದಿ ಹೊಡದೈತಿ, ಆಯಿಗಿ ಹೇಳ್ರಿ. ಮತ್ತ ದೇವರ ಕ್ವಾಣ್ಯಾಗ ಹಕ್ಕಿ ಕಾಟ ಭಾಳ ಆಗೇತ್ರಿ, ಒಂದ ಬೆದರಗೊಂಬಿ ನಿಲ್ಲಸೂಣಾ?"

ಎಳ್ಳ ಅಮಾವಾಸ್ಯೆ

ಆ ಸಲದ ಎಳ್ಳ ಅಮಾವಾಸ್ಯೆಗೆ ಅವ್ವ ಕರೆಯುವವಳಾದಳು. ನಿಡೋಣಿಗೆ ತಾನೇ ಫೋನು ಹಚ್ಚಿಸಿಕೊಂಡು ಗೌಡರ ಮಗನಿಗೆ ಹೇಳಿದಳು. ಹಳೆಯ ಗೌಡರು ತೀರಿಕೊಂಡು ಬಹಳ ವರ್ಷವಾಗಿ ಈಗ ಅವರ ಮಗನೇ ಗೌಡರು, ಅವರಿಗೂ ಅರವತ್ತು ದಾಟಿದೆ. "ಈ ವರ್ಷ ನಾವು ನಿಮ್ಮ ಹೊಲಕ್ಕ ಬರೂದಿಲ್ರಿ ಗೌಡ್ರ. ನಮ್ಮ ಹೊಲಕ್ಕ ನೀವ ಬರಬೇಕು" ಅಂದಳು. "ನಮ್ಮ ಹೊಲಕ್ಕ" ಅನ್ನುವಾಗ ಧ್ವನಿ ಒಂದಿಷ್ಟು ಏರಿತು. ಗೌಡರು ತಮ್ಮ ಹೊಲದ ಚರಗವನ್ನು ಬೆಳಿಗ್ಗೆಯೇ ಮುಗಿಸಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಮಧ್ಯಾಹ್ನಕ್ಕೆ ಕಾರಿನಲ್ಲಿ ಬಂದರು.

ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಡುಬು, ಶೇಂಗಾ ಹೋಳಿಗೆ ಎಲ್ಲ ತುಂಬಿದ ಬುಟ್ಟಿ ಪ್ಲಾಟಿನ ಮೂಲೆಯಲ್ಲಿ ಕೂತಿತ್ತು. ಜೋಳ ನನ್ನ ಎದೆಯೆತ್ತರ ಬೆಳೆದು ತೆನೆ ಹಾಕಿತ್ತು. ಆಚೆ ಈಚೆ ಹೊಸ ಮನೆಗಳು, ಹಿಂದೆ ಬಡಾವಣೆಯ ಗಟಾರ, ಅವುಗಳ ನಡುವೆ ಇಷ್ಟೇ ಇಷ್ಟು ಹಸಿರು. ಅವ್ವ ಇಳಕಲ್ ಸೀರೆಯ ಸೆರಗು ತಲೆ ಮೇಲೆ ಹೊದ್ದು, ಚರಗದ ತಟ್ಟೆ ಹಿಡಿದು ಹೊರಟಳು.

"ಹುಲ್ಲುಲ್ಲಿಗೋ!" ಅಂದಳು. ಮೊದಲ ಸಲ ಧ್ವನಿ ಹೊರಗೇ ಬರಲಿಲ್ಲ.

"ಚಲ್ಲಂಬ್ರಿಗೋ!" ಅಂದೆವು ನಾವು ಹಿಂದಿನಿಂದ.

ಗಂಟಲು ಸರಿಯಾಗುವಷ್ಟರಲ್ಲಿ ಹೊಲ ಮುಗಿದುಹೋಯಿತು. ಹೊರಟ ಮೂಲೆಗೇ ಬಂದು ನಿಂತಿದ್ದಳು. ತಟ್ಟೆಯಲ್ಲಿ ಚರಗ ಹಾಗೇ ಇತ್ತು. ಅವಳು ತಟ್ಟೆ ನೋಡಿದಳು, ಹೊಲ ನೋಡಿದಳು, ಮತ್ತೆ ಹೊರಟಳು. ಇನ್ನೊಂದು ಸುತ್ತು. ಮತ್ತೊಂದು ಸುತ್ತು. ಧ್ವನಿ ಏರುತ್ತಲೇ ಹೋಯಿತು. ಅಕ್ಕಪಕ್ಕದ ಮನೆಯವರು ಬಾಲ್ಕನಿಗೆ ಬಂದು ನಿಂತರು.

"ಯವ್ವಾ, ಸಾಕ ಮಾಡು, ಮೊಣಕಾಲು ನೋಯ್ತಾವು. ಒಂದ ಸುತ್ತ ಬಂದ್ರ ಮುಗೀತು" ಅಂದೆ.

"ಸುಮ್ಕಿರ ಬೇ" ಅಂದಳು ತಿರುಗಿ ನೋಡದೆ. "ಹಿಂದಿನ ವರ್ಷದ್ದೆಲ್ಲಾ ಉಳದಾವು."

ನನಗೆ ಆಮೇಲೆ "ಚಲ್ಲಂಬ್ರಿಗೋ" ಅನ್ನಲು ಆಗಲಿಲ್ಲ. ಗೌಡರ ಹೆಂಡತಿಯೇ ನನ್ನ ಪಾಲಿನದನ್ನೂ ಕೂಗಿದರು.

ಇನ್ನು ಊಟ. ಹೊಲದಲ್ಲೇ ಕೂತು ಉಣ್ಣಬೇಕಲ್ಲ, ಗೌಡರು ರೂಢಿಯಂತೆ ಧೋತರ ಮೇಲಕ್ಕೆತ್ತಿ ಜೋಳದ ಸಾಲಿನೊಳಗೆ ಒಂದು ಕಾಲು ಇಟ್ಟರು.

"ಏ ಏ ಏ! ಗೌಡ್ರ! ಪೀಕ ತುಳೀಬ್ಯಾಡ್ರಿ! ದಂಡಿಗಿ ನಡೀರಿ, ದಂಡಿಗಿ!"

ಅವ್ವನ ಕೂಗಿಗೆ ಗುಬ್ಬಿಗಳೂ ಹಾರಿಹೋದವು. ಎಕರೆಗಟ್ಟಲೆ ಹೊಲದ ಗೌಡರು, ಅವರ ತಂದೆಯ ಕೈಕೆಳಗೆ ಕೂಲಿ ಮಾಡಿದವಳು ಇವಳು. ಗೌಡರು ಇಟ್ಟ ಕಾಲು ಇಟ್ಟಂತೆಯೇ ನಿಂತರು. ಆಮೇಲೆ ಮೆಲ್ಲಗೆ ಆ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ರಸ್ತೆಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂತರು. ನಾವೂ ಎಲ್ಲ ಅವರ ಸಾಲಿಗೇ ಕೂತೆವು. ಡಾಂಬರು ಬಿಸಿಲಿಗೆ ಕಾದಿತ್ತು.

ಅವ್ವ ನನ್ನ ತಾಟಿಗೆ ಎಣ್ಣೆಗಾಯಿ ಬಡಿಸುವಾಗ ಬಗ್ಗಿ ಕಿವಿಯಲ್ಲಿ ಹೇಳಿದಳು. "ಇವರಪ್ಪ ದಿನಾ ಅಂತಿದ್ದ ಈ ಮಾತು ನಮಗ. ಪೀಕ ತುಳೀಬ್ಯಾಡ್ರಿ, ದಂಡಿಗಿ ನಡೀರಿ ಅಂತ. ಕೆಟ್ಟ ಮನಷ್ಯಾ ಅಲ್ಲವಾ. ಹೊಲದವರು ಅನ್ನೂ ಮಾತು ಅದು. ಒಮ್ಮಿ ನಾನೂ ಅನ್ನಬೇಕಂತ ಭಾಳ ಆಸೆ ಇತ್ತು, ನೋಡು." ಅವಳ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

ಪಕ್ಕದಲ್ಲಿ ಕೂತ ಗೌಡರಿಗೆ ಅದು ಕೇಳಿಸಿತೋ ಏನೋ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದರು.

"ಆಯಿ, ತಪ್ಪಾತು ನಂದು. ಇನ್ನೊಮ್ಮಿ ಕಾಲ ಬೀಳಬಾರದು ನೋಡು, ಅದಕ್ಕ ಕೇಳ್ತೀನಿ. ನಿನ್ನ ಹೊಲ ಎಲ್ಲೀತನಕ ಐತಿ?"

ನಾಲ್ಕೂ ಗಡಿಕಲ್ಲು ನಮ್ಮ ಕಣ್ಣೆದುರಿಗೇ ಇದ್ದವು. ಕೂತಲ್ಲಿಂದ ಕೈ ಚಾಚಿದರೆ ಒಂದು ಸಿಗುತ್ತಿತ್ತು. ಅವ್ವ ಸೊಂಟಕ್ಕೆ ಕೈ ಕೊಟ್ಟು ಎದ್ದು ನಿಂತಳು. ಇನ್ನೊಂದು ಕೈಯನ್ನು ಹಣೆಗೆ ಮರೆ ಮಾಡಿ, ಬಾಲ್ಕನಿಗಳಾಚೆ, ನೀರಿನ ಟಾಕಿಗಳಾಚೆ ದೂರ ದೂರಕ್ಕೆ ಕಣ್ಣು ಹಾಯಿಸಿದಳು. ಸಾವಕಾಶವಾಗಿ ನೋಡಿ ಮುಗಿಸಿ ಹೇಳಿದಳು.

"ಸದ್ಯಕ್ಕ ಆ ಗಟಾರದ ತನಕ ಐತ್ರಿ."